ಕಾರಿನ ಬ್ರೇಕ್ ದೋಷಪತ್ತೆ ಮತ್ತು ಬಿಡಿಭಾಗಗಳ ಆಯ್ಕೆ

ಕಾರಿನ ಬ್ರೇಕ್ ದೋಷಪತ್ತೆ ಎಂದರೆ ಬ್ರೇಕ್ ಹಾಕಿದಾಗ ಕಂಡುಬರುವ ಸದ್ದು, ಕಂಪನ, ಒಂದು ಬದಿಗೆ ಎಳೆತ, ಪೆಡಲಿನ ಬದಲಾದ ಗುಣ ಮುಂತಾದ ಲಕ್ಷಣಗಳ ಮೂಲಕ ದೋಷದ ಮೂಲವನ್ನು ಗುರುತಿಸುವ ಕ್ರಮ. ಸವೆದ ಭಾಗವು ಅನೇಕ ವೇಳೆ ದೋಷದ ಪರಿಣಾಮವಾಗಿರುತ್ತದೆಯೇ ಹೊರತು ಕಾರಣವಾಗಿರುವುದಿಲ್ಲ. ಆದ್ದರಿಂದ ಮೂಲವನ್ನು ಗುರುತಿಸದೆ ಬಿಡಿಭಾಗವನ್ನು ಬದಲಾಯಿಸಿದರೆ ಅದೇ ದೋಷ ಮರುಕಳಿಸುತ್ತದೆ. ಸಸ್ಪೆನ್ಷನ್ ಭಾಗಗಳ ಸವೆತವೂ ಬ್ರೇಕ್ ದೋಷದಂತೆಯೇ ತೋರುವುದರಿಂದ ಎರಡನ್ನೂ ಒಟ್ಟಿಗೆ ಪರಿಶೀಲಿಸುವುದು ವಾಡಿಕೆ.

ಹಿನ್ನೆಲೆ

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರೂ ಮುಂದಿನ ಅರ್ಧ ಶತಮಾನ ಕಾರುಗಳಲ್ಲಿ ಡ್ರಮ್ ಬ್ರೇಕುಗಳೇ ಪ್ರಧಾನವಾಗಿದ್ದವು. ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಅಳವಡಿಸಿದ ಮೊದಲ ಕಾರುಗಳಲ್ಲಿ 1921ರ ಡ್ಯೂಸೆನ್‌ಬರ್ಗ್ ಪ್ರಮುಖವಾದುದು. 1953ರಲ್ಲಿ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಸಿ-ಟೈಪ್ ಕಾರು ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದ ನಂತರ ಡಿಸ್ಕ್ ಬ್ರೇಕ್ ಜನಪ್ರಿಯವಾಯಿತು. ಚಕ್ರ ಕಚ್ಚಿಕೊಂಡು ಜಾರುವುದನ್ನು ತಡೆಯುವ ಎಬಿಎಸ್ ವ್ಯವಸ್ಥೆಯ ಎಲೆಕ್ಟ್ರಾನಿಕ್ ರೂಪವನ್ನು ಬಾಷ್ ಸಂಸ್ಥೆಯು 1978ರಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಒದಗಿಸಿತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ.

ಕಾರ್ಯವಿಧಾನ

ಚಾಲಕ ಪೆಡಲ್ ಒತ್ತಿದಾಗ ಆ ಬಲವನ್ನು ಬೂಸ್ಟರ್ ಹೆಚ್ಚಿಸುತ್ತದೆ. ಮಾಸ್ಟರ್ ಸಿಲಿಂಡರ್ ಅದನ್ನು ದ್ರವದ ಒತ್ತಡವಾಗಿ ಪರಿವರ್ತಿಸುತ್ತದೆ. ಈ ಒತ್ತಡವು ಲೋಹದ ಕೊಳವೆ ಮತ್ತು ರಬ್ಬರ್ ಹೋಸ್‌ಗಳ ಮೂಲಕ ಚಕ್ರಗಳನ್ನು ತಲುಪುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರಿನ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಡ್ರಮ್ ಬ್ರೇಕಿನಲ್ಲಿ ವೀಲ್ ಸಿಲಿಂಡರ್ ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಭಾರತದ ಅನೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್ ಇರುತ್ತದೆ. ನಿಲ್ಲಿಸುವಾಗ ಕಾರಿನ ಭಾರ ಮುಂದಕ್ಕೆ ಸರಿಯುವುದರಿಂದ ಮುಂದಿನ ಬ್ರೇಕುಗಳೇ ಹೆಚ್ಚಿನ ಪಾಲು ಕೆಲಸ ಮಾಡುತ್ತವೆ ಮತ್ತು ಬೇಗ ಸವೆಯುತ್ತವೆ.

ಬ್ರೇಕ್ ಎಂಬುದು ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವ ಸಾಧನ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ 1,200 ಕೆ.ಜಿ. ತೂಕದ ಕಾರನ್ನು ನಿಲ್ಲಿಸಿದಾಗ ಸುಮಾರು 3 ಲಕ್ಷ ಜೂಲ್ ಶಕ್ತಿಯನ್ನು ಹೊರಹಾಕಬೇಕಾಗುತ್ತದೆ. ವೇಗ ಅರ್ಧವಾದರೆ ಈ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಕಾರು 500 ಮೀಟರ್ ಎತ್ತರದ ಘಟ್ಟವನ್ನು ಇಳಿಯುವಾಗ ಸುಮಾರು 59 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು 80 ಕಿ.ಮೀ. ವೇಗದಿಂದ ಇಪ್ಪತ್ತು ಬಾರಿ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಸಮತಟ್ಟಾದ ರಸ್ತೆಯಲ್ಲಿ ಬೆಳಕಿಗೆ ಬಾರದ ದೋಷಗಳು ಘಟ್ಟದಲ್ಲಿ ಪ್ರಕಟವಾಗಲು ಇದೇ ಕಾರಣ.

ಲಕ್ಷಣಗಳು ಮತ್ತು ಕಾರಣಗಳು

ಪೆಡಲಿನ ಗುಣ

* ಮೆತ್ತಗಿನ ಪೆಡಲ್: ಕೊಳವೆಗಳಲ್ಲಿ ಗಾಳಿ ಸೇರಿರುವುದರ ಸಾಮಾನ್ಯ ಸೂಚನೆ. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲನ್ನು ಮತ್ತೆ ಮತ್ತೆ ತುಳಿದಾಗ ಅದು ಗಟ್ಟಿಯಾದರೆ ಈ ಅನುಮಾನ ಬಲವಾಗುತ್ತದೆ. ಹಿಂದಿನ ಡ್ರಮ್ ಬ್ರೇಕಿನ ಶೂಗಳ ಅಂತರ ಹೆಚ್ಚಿದ್ದರೂ ಇದೇ ಬಗೆಯ ಬದಲಾವಣೆ ಕಾಣಬಹುದು.
* ನಿಧಾನವಾಗಿ ಕೆಳಗಿಳಿಯುವ ಪೆಡಲ್: ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲ್ ಇಳಿಯುತ್ತ ಹೋದರೆ ಎಲ್ಲೋ ದ್ರವ ಸೋರುತ್ತಿದೆ ಎಂದರ್ಥ. ಹೊರಗೆ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲುಗಳು ಸವೆದಿರುವ ಸಾಧ್ಯತೆಯಿದೆ.
* ಗಟ್ಟಿಯಾದ ಪೆಡಲ್: ಬೂಸ್ಟರ್ ಅಥವಾ ಅದಕ್ಕೆ ನಿರ್ವಾತ ಒದಗಿಸುವ ಹೋಸ್ ಕೆಟ್ಟಿರಬಹುದು. ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಬಾರಿ ತುಳಿದು, ಒತ್ತಿ ಹಿಡಿದಿರುವಂತೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.
* ಮಿಡಿಯುವ ಪೆಡಲ್: ತುರ್ತಾಗಿ ಬ್ರೇಕ್ ಹಾಕಿದಾಗ ಎಬಿಎಸ್‌ನಿಂದ ಉಂಟಾಗುವ ಮಿಡಿತ ಸಹಜ. ಸಾಧಾರಣ ಬ್ರೇಕಿನಲ್ಲೂ ಮಿಡಿತವಿದ್ದರೆ ಡಿಸ್ಕಿನ ದಪ್ಪದಲ್ಲಿ ಏರುಪೇರಿದೆ ಎಂದು ಅನುಮಾನಿಸಲಾಗುತ್ತದೆ.

ಸದ್ದು

ಅನೇಕ ಪ್ಯಾಡುಗಳಲ್ಲಿ ಸವೆತವನ್ನು ಸೂಚಿಸುವ ತೆಳು ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಮಿತಿಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕೀಚಲು ಸದ್ದು ಹೊರಡಿಸುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಮುಂದೆ ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು ಕೇಳಿಸುತ್ತದೆ; ಆ ವೇಳೆಗೆ ಡಿಸ್ಕ್ ಹಾಳಾಗಿರುತ್ತದೆ. ಮಳೆಯಲ್ಲಿ ನಿಂತ ಕಾರಿನಿಂದ ಬೆಳಗ್ಗೆ ಮೊದಲ ಕೆಲವು ಬ್ರೇಕುಗಳಲ್ಲಿ ಬರುವ ಸದ್ದು ಮೇಲ್ಮೈ ತುಕ್ಕಿನದು. ಅದು ತಾನಾಗಿ ನಿಲ್ಲುತ್ತದೆ. ಬ್ರೇಕ್ ಹಾಕದಿರುವಾಗ ವೇಗದೊಂದಿಗೆ ಏರುವ ಗುಂಯ್ಗುಡುವಿಕೆ ಸಾಮಾನ್ಯವಾಗಿ ವೀಲ್ ಬೇರಿಂಗಿನದು. ತಗ್ಗು-ದಿಣ್ಣೆಗಳ ಮೇಲೆ ಕೇಳುವ ಟಕ್ ಎಂಬ ಸದ್ದು ಸಸ್ಪೆನ್ಷನ್ನಿನ ಬುಷ್ ಅಥವಾ ಲಿಂಕುಗಳದ್ದಾಗಿರಬಹುದು.

ಒಂದು ಬದಿಗೆ ಎಳೆತ

ಕಾರು ಸದಾ ಒಂದು ಬದಿಗೆ ಎಳೆಯುತ್ತಿದ್ದರೆ ಕಾರಣವನ್ನು ಟೈರು ಮತ್ತು ವೀಲ್ ಅಲೈನ್‌ಮೆಂಟಿನಲ್ಲಿ ಹುಡುಕಲಾಗುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಕಚ್ಚಿಕೊಂಡ ಕ್ಯಾಲಿಪರ್, ಎಣ್ಣೆ ತಾಗಿದ ಪ್ಯಾಡ್, ಕಟ್ಟಿಕೊಂಡ ಹೋಸ್ ಅಥವಾ ಸವೆದ ಲೋವರ್ ಆರ್ಮ್ ಬುಷ್ ಕಾರಣವಾಗಿರಬಹುದು.

ಹಳೆಯ ರಬ್ಬರ್ ಹೋಸ್ ಒಳಗೇ ಊದಿಕೊಂಡಾಗ ದ್ರವ ಚಕ್ರದ ಕಡೆಗೆ ಹೋಗುತ್ತದೆ, ಹಿಂದಿರುಗುವುದಿಲ್ಲ. ಆಗ ಪೆಡಲ್ ಬಿಟ್ಟ ನಂತರವೂ ಬ್ರೇಕ್ ಹಿಡಿದೇ ಇರುತ್ತದೆ. ಹೊರನೋಟಕ್ಕೆ ಇದು ಕ್ಯಾಲಿಪರಿನ ದೋಷದಂತೆ ಕಾಣುತ್ತದೆ. ಕ್ಯಾಲಿಪರಿನ ಬ್ಲೀಡ್ ನಿಪ್ಪಲನ್ನು ಸಡಿಲಿಸಿದಾಗ ಚಕ್ರ ಸರಾಗವಾಗಿ ತಿರುಗಿದರೆ ಒತ್ತಡ ಕೊಳವೆಯಲ್ಲಿ ಸಿಲುಕಿತ್ತು ಎಂದು ತಿಳಿಯುತ್ತದೆ. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಕಚ್ಚಿಕೊಂಡಿದೆ.

ಕಂಪನ

ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕುಗಳತ್ತ, ಆಸನದಲ್ಲಿ ನಡುಕ ತಿಳಿದರೆ ಹಿಂದಿನ ಚಕ್ರಗಳತ್ತ ಗಮನ ಹರಿಸಲಾಗುತ್ತದೆ. ಬ್ರೇಕ್ ಹಾಕದೆಯೂ ಕಂಪನವಿದ್ದರೆ ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರಿನ ದೋಷವಿರಬಹುದು. ‘ಡಿಸ್ಕ್ ಬೆಂಡ್ ಆಗಿದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಸಾಮಾನ್ಯ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಡಿಸ್ಕ್ ಬಾಗಿರುವುದಿಲ್ಲ. ಅದರ ದಪ್ಪದಲ್ಲಿ ಸೂಕ್ಷ್ಮ ವ್ಯತ್ಯಾಸ ಉಂಟಾಗಿರುತ್ತದೆ ಅಥವಾ ಪ್ಯಾಡಿನ ವಸ್ತು ಅದರ ಮೇಲೆ ಅಸಮವಾಗಿ ಅಂಟಿರುತ್ತದೆ. ಹಬ್ ಮುಖದ ಮೇಲಿನ ತುಕ್ಕು ಮತ್ತು ಅಸಮವಾಗಿ ಬಿಗಿದ ಚಕ್ರದ ನಟ್ಟುಗಳು ಇದಕ್ಕೆ ದಾರಿ ಮಾಡುತ್ತವೆ. ಹಬ್ ಸ್ವಚ್ಛಗೊಳಿಸದೆ ಕೂರಿಸಿದ ಹೊಸ ಡಿಸ್ಕಿನಲ್ಲೂ ಕೆಲವು ಸಾವಿರ ಕಿ.ಮೀ. ನಂತರ ಅದೇ ನಡುಕ ಮರಳಬಹುದು.

ಬಿಸಿಯಿಂದ ಬ್ರೇಕ್ ಕುಂದುವುದು

ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಇಳಿಯುವಾಗ ಬ್ರೇಕನ್ನು ನಿರಂತರವಾಗಿ ಒತ್ತಿ ಹಿಡಿದರೆ ಅದರ ಸಾಮರ್ಥ್ಯ ಕುಂದುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಪ್ಯಾಡ್ ಅತಿಯಾಗಿ ಬಿಸಿಯಾದಾಗ ಘರ್ಷಣೆ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ದ್ರವವೇ ಕುದಿದಾಗ ಆವಿಯ ಗುಳ್ಳೆಗಳು ಉಂಟಾಗಿ ಪೆಡಲ್ ತಳಕ್ಕೆ ಇಳಿಯುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ತಣ್ಣಗಾದ ಮೇಲೆ ಬ್ರೇಕ್ ಮತ್ತೆ ಸರಿಯಾದಂತೆ ತೋರುವುದರಿಂದ ದೋಷ ಪತ್ತೆಯಾಗದೆ ಉಳಿಯುವ ಸಂಭವವಿದೆ.

ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ತಡೆಯಿಂದ ಬ್ರೇಕಿನ ಹೊರೆ ತಗ್ಗುತ್ತದೆ. ಇಂಧನ ಉಳಿಸಲು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಯುವುದು ಅತ್ಯಂತ ಅಪಾಯಕಾರಿ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಕೆಲವೇ ಬಾರಿ ಪೆಡಲ್ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ.

ಬ್ರೇಕ್ ದ್ರವ

ಬ್ರೇಕ್ ದ್ರವವನ್ನು ಆಡುಮಾತಿನಲ್ಲಿ ‘ಬ್ರೇಕ್ ಆಯಿಲ್’ ಎನ್ನುವರಾದರೂ ಸಾಮಾನ್ಯ ಕಾರುಗಳಲ್ಲಿ ಬಳಸುವುದು ಗ್ಲೈಕಾಲ್ ಆಧಾರಿತ ದ್ರವ. ಎಂಜಿನ್ ಆಯಿಲ್ ಅಥವಾ ಬೇರೆ ಖನಿಜ ತೈಲ ಬೆರೆತರೆ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಗ್ಲೈಕಾಲ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಂತೆ ಅದರ ಕುದಿಬಿಂದು ಇಳಿಯುತ್ತದೆ. ದರ್ಜೆಗಳಿಗೆ ನಿಗದಿಯಾದ ಕನಿಷ್ಠ ಕುದಿಬಿಂದುಗಳು ಹೀಗಿವೆ:

* ಡಾಟ್ 3: ಹೊಸದಾಗಿದ್ದಾಗ 205 ಡಿಗ್ರಿ, ತೇವಗೊಂಡಾಗ 140 ಡಿಗ್ರಿ ಸೆಲ್ಸಿಯಸ್
* ಡಾಟ್ 4: ಹೊಸದಾಗಿದ್ದಾಗ 230 ಡಿಗ್ರಿ, ತೇವಗೊಂಡಾಗ 155 ಡಿಗ್ರಿ ಸೆಲ್ಸಿಯಸ್
* ಡಾಟ್ 5.1: ಹೊಸದಾಗಿದ್ದಾಗ 260 ಡಿಗ್ರಿ, ತೇವಗೊಂಡಾಗ 180 ಡಿಗ್ರಿ ಸೆಲ್ಸಿಯಸ್

ಡಾಟ್ 5 ಸಿಲಿಕೋನ್ ಆಧಾರಿತವಾದುದು. ಅದನ್ನು ಉಳಿದವುಗಳೊಂದಿಗೆ ಬೆರೆಸಬಾರದು. ಅನೇಕ ತಯಾರಕರು ಸುಮಾರು ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸಲು ಸೂಚಿಸುತ್ತಾರೆ. ಪ್ಯಾಡುಗಳು ಸವೆದಂತೆ ತೊಟ್ಟಿಯ ಮಟ್ಟ ತುಸು ಇಳಿಯುವುದು ಸಹಜ. ಥಟ್ಟನೆ ಇಳಿದರೆ ಸೋರಿಕೆಯಿದೆ ಎಂದರ್ಥ. ಅದಕ್ಕೆ ಮೇಲಿನಿಂದ ದ್ರವ ತುಂಬುವುದು ಪರಿಹಾರವಲ್ಲ.

ಬಿಡಿಭಾಗಗಳ ಆಯ್ಕೆ

ಒಂದೇ ಮಾದರಿಯ ಕಾರಿನಲ್ಲೂ ತಯಾರಿಕೆಯ ವರ್ಷ ಮತ್ತು ಆವೃತ್ತಿಗೆ ತಕ್ಕಂತೆ ಡಿಸ್ಕಿನ ಅಳತೆ ಹಾಗೂ ಕ್ಯಾಲಿಪರ್ ಬದಲಾಗಬಹುದು. ಆದ್ದರಿಂದ ಮಾದರಿಯ ಹೆಸರಿಗಿಂತ ಚಾಸಿಸ್ ಸಂಖ್ಯೆ ಮತ್ತು ಬಿಡಿಭಾಗದ ಸಂಖ್ಯೆಯನ್ನು ಆಧರಿಸಿದ ಆಯ್ಕೆ ನಂಬಲರ್ಹ. ಕಾರು ತಯಾರಕರ ಹೆಸರಿನ ಭಾಗಗಳಲ್ಲದೆ, ಅವರಿಗೆ ಭಾಗಗಳನ್ನು ಪೂರೈಸುವ ಕಂಪನಿಗಳ ಮತ್ತು ಸ್ವತಂತ್ರ ತಯಾರಕರ ಭಾಗಗಳೂ ಪೇಟೆಯಲ್ಲಿ ದೊರೆಯುತ್ತವೆ. ಯುರೋಪಿನಲ್ಲಿ ಬಳಕೆಯಲ್ಲಿರುವ ವಿಶ್ವಸಂಸ್ಥೆಯ 90ನೇ ನಿಯಮದ ಪ್ರಕಾರ ಬದಲಿ ಪ್ಯಾಡುಗಳ ಕಾರ್ಯಕ್ಷಮತೆ ಮೂಲ ಪ್ಯಾಡುಗಳಿಗಿಂತ ಶೇ. 15ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದು. ಪೊಟ್ಟಣದ ಮೇಲಿನ ಇಂತಹ ಪ್ರಮಾಣೀಕರಣದ ಗುರುತು ಆಯ್ಕೆಗೆ ನೆರವಾಗುತ್ತದೆ.

ಪ್ಯಾಡುಗಳು

ಲೋಹದ ಅಂಶ ಹೆಚ್ಚಿರುವ ಪ್ಯಾಡುಗಳು ಶಾಖವನ್ನು ಚೆನ್ನಾಗಿ ತಾಳುತ್ತವೆ, ಆದರೆ ಸದ್ದು ಮತ್ತು ಡಿಸ್ಕಿನ ಸವೆತ ಹೆಚ್ಚು. ಸಾವಯವ ಪ್ಯಾಡುಗಳು ಮೃದು ಹಾಗೂ ನಿಶ್ಶಬ್ದ, ಆದರೆ ತೀವ್ರ ಶಾಖದಲ್ಲಿ ಬೇಗ ಕುಂದುತ್ತವೆ. ಸೆರಾಮಿಕ್ ಪ್ಯಾಡುಗಳಲ್ಲಿ ಧೂಳು ಮತ್ತು ಸದ್ದು ಕಡಿಮೆ, ಬೆಲೆ ಹೆಚ್ಚು. ಕೆಲವು ಪ್ಯಾಡುಗಳ ಮೇಲೆ ಎರಡು ಅಕ್ಷರಗಳ ಘರ್ಷಣಾ ಸಂಕೇತವಿರುತ್ತದೆ. ಮೊದಲ ಅಕ್ಷರ ಸಾಮಾನ್ಯ ತಾಪದ, ಎರಡನೆಯದು ಅಧಿಕ ತಾಪದ ಘರ್ಷಣೆಯನ್ನು ಸೂಚಿಸುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55ರ ಘರ್ಷಣಾಂಕ. ಈ ಸಂಕೇತವು ಪ್ಯಾಡಿನ ಬಾಳಿಕೆಯನ್ನಾಗಲಿ ಗುಣಮಟ್ಟವನ್ನಾಗಲಿ ತಿಳಿಸುವುದಿಲ್ಲ.

ಪ್ಯಾಡಿನ ಘರ್ಷಣಾ ಪದರ 3 ಮಿ.ಮೀ. ಸಮೀಪಿಸಿದಾಗ ಬದಲಾಯಿಸುವುದು ರೂಢಿ. ಎಡ-ಬಲ ಚಕ್ರಗಳ ಹಿಡಿತ ಸಮನಾಗಿರಬೇಕಾದುದರಿಂದ ಒಂದು ಆಕ್ಸಲಿನ ಎರಡೂ ಬದಿಯ ಪ್ಯಾಡುಗಳನ್ನು ಒಟ್ಟಿಗೆ ಬದಲಾಯಿಸಲಾಗುತ್ತದೆ. ಹಳೆಯ ಪ್ಯಾಡುಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ಬಹಳ ಹೆಚ್ಚು ಸವೆದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಸರಾಗವಾಗಿ ಚಲಿಸುತ್ತಿಲ್ಲ ಎಂದರ್ಥ. ಅದನ್ನು ಸರಿಪಡಿಸದಿದ್ದರೆ ಹೊಸ ಪ್ಯಾಡುಗಳೂ ಹಾಗೆಯೇ ಸವೆಯುತ್ತವೆ.

ಡಿಸ್ಕ್ ಮತ್ತು ಡ್ರಮ್

ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಡ್ರಮ್ಮಿಗೆ ಗರಿಷ್ಠ ಒಳವ್ಯಾಸದ ಮಿತಿಯಿರುತ್ತದೆ. ಗೀರು ಬಿದ್ದ ಡಿಸ್ಕನ್ನು ಲೇತ್‌ನಲ್ಲಿ ಸಮಗೊಳಿಸಿದ ನಂತರವೂ ಅದು ಈ ಮಿತಿಗಿಂತ ದಪ್ಪವಾಗಿ ಉಳಿಯಬೇಕು. ತೆಳುವಾದ ಡಿಸ್ಕ್ ಶಾಖವನ್ನು ಕಡಿಮೆ ಹಿಡಿದಿಡುವುದರಿಂದ ಬೇಗ ಬಿಸಿಯಾಗುತ್ತದೆ ಮತ್ತು ಬಿರುಕು ಬಿಡಬಹುದು.

ಸಸ್ಪೆನ್ಷನ್ ಭಾಗಗಳು

ಬ್ರೇಕ್ ಎಷ್ಟೇ ಸಮರ್ಥವಾಗಿದ್ದರೂ ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಶಾಕ್ ಅಬ್ಸಾರ್ಬರ್ ಸವೆದಾಗ ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ಪುಟಿದು ಹಿಡಿತ ತಪ್ಪುತ್ತದೆ, ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ಬಾಗುವುದು, ಶಾಕ್‌ನ ಮೈಮೇಲೆ ಎಣ್ಣೆ ಸೋರಿಕೆ, ಟೈರಿನಲ್ಲಿ ಅಲ್ಲಲ್ಲಿ ಗುಳಿಬಿದ್ದ ಸವೆತ ಇದರ ಲಕ್ಷಣಗಳು. ಶಾಕ್‌ಗಳನ್ನೂ ಎಡ-ಬಲ ಜೋಡಿಯಾಗಿ ಬದಲಾಯಿಸಲಾಗುತ್ತದೆ.

ಲೋವರ್ ಆರ್ಮ್, ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಬದಲಾಯಿಸಿದ ನಂತರ ವೀಲ್ ಅಲೈನ್‌ಮೆಂಟ್ ಪರೀಕ್ಷಿಸುವುದು ಅಗತ್ಯ. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಸಾಮಾನ್ಯವಾಗಿ ಕಾರಿನ ಭಾರ ಚಕ್ರಗಳ ಮೇಲಿರುವಾಗ ಕೊನೆಯದಾಗಿ ಬಿಗಿಯಲಾಗುತ್ತದೆ. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಸುರಕ್ಷತೆ

ಕಾರನ್ನು ಜಾಕ್ ಒಂದರ ಮೇಲೆಯೇ ನಿಲ್ಲಿಸಿ ಅದರ ಕೆಳಗೆ ಕೆಲಸ ಮಾಡಬಾರದು. ಸ್ಟ್ಯಾಂಡುಗಳ ಆಧಾರ ಬೇಕು. ಹಳೆಯ ಲೈನಿಂಗುಗಳಲ್ಲಿ ಕ್ಯಾನ್ಸರ್‌ಕಾರಕ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಬ್ರೇಕ್ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಮಾಡಿ ತೆಗೆಯಲಾಗುತ್ತದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ಬಲವಂತವಾಗಿ ಒತ್ತದೆ ತಯಾರಕರು ಸೂಚಿಸಿದ ದುರಸ್ತಿ ಸ್ಥಿತಿಗೆ ತರಬೇಕಾಗುತ್ತದೆ.

ಪ್ಯಾಡ್ ಬದಲಾಯಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಟ್ಟಿರುವುದರಿಂದ ಮೊದಲ ಕೆಲವು ಬಾರಿ ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ಗಟ್ಟಿಯಾಗುವವರೆಗೆ ನಿಂತಲ್ಲೇ ತುಳಿಯದೆ ಕಾರನ್ನು ಚಲಿಸಿದರೆ ಗ್ಯಾರೇಜಿನ ಬಾಗಿಲಲ್ಲೇ ಅಪಘಾತ ಸಂಭವಿಸಬಹುದು. ಹೊಸ ಪ್ಯಾಡ್ ಮತ್ತು ಡಿಸ್ಕಿನ ಮೇಲ್ಮೈಗಳು ಪರಸ್ಪರ ಹೊಂದಿಕೊಳ್ಳುವವರೆಗೆ ಹಿಡಿತ ಪೂರ್ಣವಾಗಿರುವುದಿಲ್ಲ. ಆದ್ದರಿಂದ ಮೊದಲ ಸುಮಾರು 200 ಕಿ.ಮೀ. ವರೆಗೆ ಅನಗತ್ಯವಾಗಿ ಬಲವಾದ ಬ್ರೇಕ್ ಹಾಕದೆ, ಮುಂದಿನ ವಾಹನದಿಂದ ಹೆಚ್ಚಿನ ಅಂತರ ಕಾಯ್ದುಕೊಂಡು ಚಲಾಯಿಸಲು ಸಲಹೆ ನೀಡಲಾಗುತ್ತದೆ.