ಜೀವಸತ್ವ ‘ಡಿ’ ಮತ್ತು ಕೃತಕ ನೇರಳಾತೀತ ಕಿರಣ: ನಿಟ್ಟೂರಿನ ಅಕ್ಷಾಂಶದಿಂದ ಒಂದು ಅವಲೋಕನ

ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯಿಂದ ಇತಿಹಾಸಕಾರರಿಗೆ ಪರಿಚಿತವಾದ ಗುಬ್ಬಿ ತಾಲ್ಲೂಕಿನ ನಿಟ್ಟೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷವಿಡೀ ನೆತ್ತಿಯ ಸಮೀಪಕ್ಕೆ ಸೂರ್ಯನೇರುವ ಇಂತಹ ಸೀಮೆಗೆ ಕೃತಕ ಬಿಸಿಲಿನ ಚರಿತ್ರೆ ಏಕೆ ಬೇಕೆಂಬ ಪ್ರಶ್ನೆ ಸಹಜವಾದುದು. ಆದರೆ ಬಿಸಿಲಿರುವ ನಾಡಿನಲ್ಲಿ ಅದರ ಕೊರತೆಯ ರೋಗವಿರುವುದಿಲ್ಲವೆಂಬ ನಂಬಿಕೆಯನ್ನು ಪರೀಕ್ಷಿಸಲು ಆ ಚರಿತ್ರೆಯೇ ಸಾಧನ.

ದೀಪ ಹುಟ್ಟಿದ್ದು ಹೊಗೆ ಕವಿದ ನಗರಗಳ ಅಗತ್ಯದಿಂದ. ಮೊದಲ ಮಹಾಯುದ್ಧದ ಬಳಿಕ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಪೀಡಿತ ಮಕ್ಕಳ ಮೇಲೆ ಪಾದರಸದ ಆವಿಯ ದೀಪದ ಬೆಳಕನ್ನು ಹಾಯಿಸಿ, ಮೂಳೆಗಳು ಗಟ್ಟಿಯಾದುದನ್ನು ಕ್ಷಕಿರಣ ಚಿತ್ರಗಳ ಮೂಲಕ 1919ರಲ್ಲಿ ತೋರಿಸಿದನು. ಸಾಧಾರಣ ಗಾಜು ಈ ಕಿರಣಗಳನ್ನು ತಡೆಯುವುದರಿಂದ ದೀಪದ ಕೊಳವೆ ಕ್ವಾರ್ಟ್ಜ್‌ನದಾಗಿರಬೇಕಿತ್ತು. ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಇನ್ನೊಂದು ತೋಳಿನ ಮೂಳೆಯೂ ಸುಧಾರಿಸಿತು. ಚರ್ಮದಲ್ಲಿ ಉಂಟಾದ ಯಾವುದೋ ವಸ್ತು ರಕ್ತದ ಮೂಲಕ ದೇಹವನ್ನೆಲ್ಲ ವ್ಯಾಪಿಸುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ದೊರೆಯದು. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟೆರಾಲ್ ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಕಿರಣಗಳನ್ನು ಹೀರಿ ಪೂರ್ವ ಜೀವಸತ್ವವಾಗಿ, ದೇಹದ ಶಾಖದಿಂದ ಜೀವಸತ್ವ ಡಿ3 ಆಗುವುದೆಂಬ ವಿವರ ತಿಳಿದದ್ದು ಅನಂತರ. 1924ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಸ್ಟೀನ್‌ಬಾಕ್ ಆಹಾರಕ್ಕೇ ಕಿರಣ ಹಾಯಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ದೀಪದ ಪ್ರಾಶಸ್ತ್ಯ ಕುಗ್ಗತೊಡಗಿತು.

ಭಾರತದ ಸಂಗತಿ ಬೇರೆಯೇ ದಿಕ್ಕಿನದು. ಕಾಶ್ಮೀರದಲ್ಲಿ ಸೇವೆ ಸಲ್ಲಿಸಿದ ವೈದ್ಯೆ ಕ್ಯಾಥ್ಲೀನ್ ವಾನ್ 1928ರ ತಮ್ಮ ಗ್ರಂಥದಲ್ಲಿ ಪರದಾ ಪದ್ಧತಿಯ ಸ್ತ್ರೀಯರ ಅಸ್ಥಿಮೃದುತೆಗೆ ಬೆಳಕಿನ ಅಭಾವವೇ ಕಾರಣವೆಂದು ವಾದಿಸಿದರು. ಇಲ್ಲಿ ಕೊರತೆ ಇದ್ದುದು ಆಕಾಶದಲ್ಲಲ್ಲ, ಮನೆಯ ಗೋಡೆಯೊಳಗೆ. ಈ ವಾದವನ್ನು ಹವಾಮಾನದ ಚರ್ಚೆಯಾಗಿ ಮಾತ್ರ ಓದಿದರೆ ಅದರ ಸಾಮಾಜಿಕ ತಿರುಳು ಕೈತಪ್ಪುತ್ತದೆ.

ನಿಟ್ಟೂರಿನ ಅಕ್ಷಾಂಶಕ್ಕೆ ಬಹು ಸಮೀಪದ ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ನೇರವಾಗಿ ಪ್ರಸ್ತುತವಾಗಿವೆ. ಹಗಲು ಹನ್ನೊಂದರಿಂದ ಎರಡು ಗಂಟೆಯವರೆಗಿನ ಬಿಸಿಲಿನಲ್ಲಿಯೇ ಈ ಪರಿವರ್ತನೆ ಅತ್ಯಧಿಕವೆಂದೂ, ನಗರವಾಸಿಗಳಿಗಿಂತ ಹೊಲದಲ್ಲಿ ದುಡಿಯುವವರಲ್ಲಿ ಜೀವಸತ್ವದ ಪ್ರಮಾಣ ಹೆಚ್ಚೆಂದೂ ಅವು ತಿಳಿಸುತ್ತವೆ. ಅಂದರೆ ಎಳೆಬಿಸಿಲಿನ ಬಗೆಗಿನ ರೂಢಿಯ ಮಾತು ಈ ಜೀವಸತ್ವದ ಮಟ್ಟಿಗೆ ಅಷ್ಟಾಗಿ ನಿಲ್ಲದು. ಕಪ್ಪು ಚರ್ಮದ ಮೆಲನಿನ್ ಕಿರಣಗಳ ಒಂದಂಶವನ್ನು ತಡೆಯುವುದರಿಂದ ಹೆಚ್ಚು ಹೊತ್ತೂ ಬೇಕಾಗುತ್ತದೆ. ಗದ್ದೆ ತೋಟಗಳ ದುಡಿಮೆ ಬಿಟ್ಟು ತುಮಕೂರು, ಬೆಂಗಳೂರುಗಳ ಕಾರ್ಖಾನೆ ಕಚೇರಿಗಳನ್ನು ಸೇರಿದವರು ಕಳೆದುಕೊಳ್ಳುವುದು ನಡುಹಗಲಿನ ಈ ಮೂರು ಗಂಟೆಗಳನ್ನೇ. ರಾಗಿ ಈ ಸೀಮೆಗೆ ಸುಣ್ಣದಂಶವನ್ನು ಧಾರಾಳವಾಗಿ ಕೊಟ್ಟಿದೆಯಾದರೂ, ಅದನ್ನು ಕರುಳು ಹೀರಿಕೊಳ್ಳಲು ಜೀವಸತ್ವ ಡಿ ಬೇಕು.

ದೀಪ ಇಂದಿಗೂ ಉಳಿದಿರುವುದು ಹೆಚ್ಚಾಗಿ ಚರ್ಮರೋಗ ವಿಭಾಗಗಳಲ್ಲಿ. ಸೋರಿಯಾಸಿಸ್, ತೊನ್ನುಗಳಿಗೆ ಸುಮಾರು 311 ನ್ಯಾನೊಮೀಟರಿನ ಕಿರಣ ಚಿಕಿತ್ಸೆ ಪಡೆಯುವವರಲ್ಲಿ ಜೀವಸತ್ವ ಡಿ ಏರುವುದು ಒಂದು ಆನುಷಂಗಿಕ ಲಾಭ. ಮೈಬಣ್ಣ ಬದಲಿಸುವ ದೀಪಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2009ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದ ಮೇಲೆ, ಕೊರತೆ ನೀಗಲು ವೈದ್ಯರು ದೀಪಕ್ಕಿಂತ ಮಾತ್ರೆಯನ್ನೇ ಆರಿಸಿಕೊಳ್ಳುತ್ತಾರೆ.