ಕಟ್ಟೆ ಧರ್ಮ ಮತ್ತು ಹವಾಮಾನ ಅನ್ಯಾಯ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಮಾಜಸೇವಕರು

ಹವಾಮಾನ ಅನ್ಯಾಯವೆಂಬ ಪರಿಭಾಷೆ ಈಚಿನದು. ಭೂಮಿಯ ತಾಪ ಏರುವುದಕ್ಕೆ ಅತ್ಯಲ್ಪ ಕಾರಣರಾದವರೇ ಅದರ ಪರಿಣಾಮವನ್ನು ಅತ್ಯಧಿಕವಾಗಿ ಅನುಭವಿಸಬೇಕಾದ ಸ್ಥಿತಿಯನ್ನು ಅದು ಸೂಚಿಸುತ್ತದೆ. ಪರಿಭಾಷೆ ಹೊಸದಾದರೂ ಅದರೊಳಗಿನ ಪ್ರಶ್ನೆ ಜನಪದರಿಗೆ ಹೊಸದಲ್ಲ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಬಲಿಯಾಗಬೇಕಾದವಳು ಕಿರಿಯ ಸೊಸೆ ಭಾಗೀರಥಿ. ಕೆರೆಯ ಕೀರ್ತಿ ಒಬ್ಬರದು, ಅದರ ಬೆಲೆ ತೆತ್ತವರು ಮತ್ತೊಬ್ಬರು. ನೀರಿನ ಕೊರತೆಯ ಭಾರ ಮನೆಯ ಅತ್ಯಂತ ದುರ್ಬಲರ ಮೇಲೆ ಬೀಳುತ್ತದೆ ಎಂಬ ಅರಿವನ್ನು ಈ ಕಥನ ಅಡಗಿಸಿಕೊಂಡಿದೆ. ಮಂಡ್ಯ ಜಿಲ್ಲೆಯ ಸಮಾಜಸೇವೆಯ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತವೆನಿಸುತ್ತದೆ.

ಮಂಡ್ಯವೆಂದರೆ ಭತ್ತ ಮತ್ತು ಕಬ್ಬಿನ ನಾಡು ಎಂಬ ಚಿತ್ರ ರೂಢಿಯಲ್ಲಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣ ಮತ್ತು ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಈ ಚಿತ್ರಕ್ಕೆ ಆಧಾರ. ಆದರೆ ಜಿಲ್ಲೆಯೊಳಗೇ ಎರಡು ಲೋಕಗಳಿವೆ. ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಅನೇಕ ಗ್ರಾಮಗಳಿಗೆ ಮಳೆ ಕೈಕೊಟ್ಟ ವರ್ಷ ನೀರು ತಲುಪುವುದೇ ಸಂದೇಹ. ಕಟ್ಟು ನೀರು ಪದ್ಧತಿಯಲ್ಲಿ ಸರದಿ ಕಾಯುವವರಲ್ಲಿ ಕೊನೆಯವರು ಇವರೇ. ಮಳವಳ್ಳಿಯ ಗುಡ್ಡಗಾಡು ಭಾಗಗಳಂತೂ ರಾಗಿ, ಹುರುಳಿಗಳೊಡನೆ ಮಳೆಯನ್ನೇ ನಂಬಿವೆ. ಇದೇ ತಾಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇದೇ ತಾಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಏರುತ್ತಿದೆ. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಹಿಂದಿನ ವರ್ಷವಷ್ಟೇ, ಅಂದರೆ 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ನೀರು ಹಾದುಹೋಗುವ ಊರು ಬೇರೆ, ನೀರು ನಿಲ್ಲುವ ಊರು ಬೇರೆ.

ಈ ಸ್ಥಿತಿಗೆ ಪ್ರತಿಸ್ಪಂದಿಸಿದ ಸಮಾಜಸೇವಕರಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಮೊದಲನೆಯದು ಹಕ್ಕೊತ್ತಾಯದ ಧಾರೆ. ಮದ್ದೂರು ತಾಲೂಕಿನ ಗುರುದೇವರಹಳ್ಳಿಯ ಜಿ. ಮಾದೇಗೌಡರು ಇದರ ಪ್ರಮುಖ ಪ್ರತಿನಿಧಿ. ಶಾಸಕರಾಗಿ, ಸಂಸದರಾಗಿ ದುಡಿದ ಅವರು ಕಾವೇರಿ ಹಿತರಕ್ಷಣಾ ಸಮಿತಿಯ ಮೂಲಕ ರೈತರನ್ನು ಸಂಘಟಿಸಿದರು. ಭಾರತೀನಗರದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. 2021ರ ಜುಲೈನಲ್ಲಿ ನಿಧನರಾಗುವವರೆಗೂ ನೀರಿನ ಪ್ರಶ್ನೆಯೇ ಅವರ ಸಾರ್ವಜನಿಕ ಜೀವನದ ಕೇಂದ್ರವಾಗಿತ್ತು. ಅಣೆಕಟ್ಟು, ನಾಲೆ, ನ್ಯಾಯಾಧಿಕರಣ, ವಿಧಾನಸೌಧ ಇವು ಈ ಧಾರೆಯ ಕ್ಷೇತ್ರಗಳು.

ಎರಡನೆಯದು ಕಟ್ಟೆಯ ಧಾರೆ. ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವ ವೃತ್ತಿಯವರು. ಕುಂದೂರು ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆ ಕುಡಿಯುವ ನೀರಿಲ್ಲದಿರುವುದನ್ನು ಕಂಡು ಅವರು ಕಟ್ಟೆ ತೋಡಲಾರಂಭಿಸಿದರು. ಸಲಕರಣೆಗಳಿಗಾಗಿ ಕುರಿ ಮಾರಿದರು. ಪ್ರಶಸ್ತಿಗಳಿಂದ ಬಂದ ಹಣವನ್ನೂ ಕಟ್ಟೆಗಳಿಗೇ ವಿನಿಯೋಗಿಸಿದರು. ಬೆಟ್ಟದಲ್ಲಿ ಗಿಡಮರಗಳನ್ನು ಬೆಳೆಸಿದರು. 2020ರ ಜೂನ್ 28ರ ‘ಮನ್ ಕೀ ಬಾತ್’ ಪ್ರಸಾರದಲ್ಲಿ ಪ್ರಧಾನಿಯವರು ಅವರ 16 ಕಟ್ಟೆಗಳನ್ನು ಉಲ್ಲೇಖಿಸಿದರು. ರಾಜ್ಯೋತ್ಸವ ಪ್ರಶಸ್ತಿಯೂ ಅವರಿಗೆ ಸಂದಿತ್ತು. 2022ರ ಅಕ್ಟೋಬರ್‌ನಲ್ಲಿ ಅವರು ನಿಧನರಾದರು.

ಕಾಮೇಗೌಡರ ಕಾರ್ಯವನ್ನು ಕೇವಲ ವ್ಯಕ್ತಿಯೊಬ್ಬನ ಸಾಹಸವೆಂದು ಭಾವಿಸಿದರೆ ಅದರ ಸಾಂಸ್ಕೃತಿಕ ಮೂಲ ಮರೆಯಾಗುತ್ತದೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು, ಸಾಲುಮರ ನೆಡುವುದು ಜನಪದರ ದೃಷ್ಟಿಯಲ್ಲಿ ಪುಣ್ಯಕಾರ್ಯಗಳು. ನೀರನ್ನು ಸರದಿಯಂತೆ ಹಂಚುವ ನೀರುಗಂಟಿಯ ಹೊಣೆಯೂ ಇದೇ ಧರ್ಮದ ಅಂಗ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾವೇರಿಯ ನ್ಯಾಯನಿರ್ಣಯದಲ್ಲಿ ರಾಜ್ಯಗಳಿಗೆ, ಬೆಳೆಗಳಿಗೆ, ನಗರಗಳಿಗೆ ಲೆಕ್ಕವಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕಕ್ಕೆ 284.75 ಟಿಎಂಸಿ ನಿಗದಿಪಡಿಸಿತು. ನ್ಯಾಯಾಧಿಕರಣದ 2007ರ ಐತೀರ್ಪಿನಲ್ಲಿ ಪರಿಸರಕ್ಕೆಂದು 10 ಟಿಎಂಸಿ ಮೀಸಲೂ ಇದೆ. ಆದರೆ ಅದು ನದಿಯ ನೀರು. ನದಿಯಿಂದ ದೂರದ ಬೆಟ್ಟದ ಮೇಲಿನ ಕುರಿಗೆ, ನವಿಲಿಗೆ, ಮೊಲಕ್ಕೆ ಯಾವ ತೀರ್ಪಿನಲ್ಲಿಯೂ ಪಾಲಿಲ್ಲ. ಅಹವಾಲು ಸಲ್ಲಿಸಲಾರದ ಈ ಜೀವಿಗಳನ್ನು ನೀರಿನ ಹಕ್ಕುದಾರರೆಂದು ಎಣಿಸಿದುದೇ ಕಟ್ಟೆ ಧರ್ಮದ ವೈಶಿಷ್ಟ್ಯ.

ಹಾಗೆಂದು ಎರಡು ಧಾರೆಗಳಲ್ಲಿ ಒಂದನ್ನು ಇನ್ನೊಂದಕ್ಕೆ ಬದಲಿಯಾಗಿ ನಿಲ್ಲಿಸುವುದು ಸರಿಯಲ್ಲ. ಹಕ್ಕೊತ್ತಾಯ ನಾಲೆಯ ನೀರನ್ನು ಕೇಳಬಲ್ಲುದು. ಬೆಟ್ಟದ ಮಳೆನೀರನ್ನು ಹಿಡಿದಿಡಲಾರದು. ಕಟ್ಟೆ ಮಳೆನೀರನ್ನು ಹಿಡಿಯಬಲ್ಲುದು. ಕೊನೆಭಾಗದ ರೈತನ ಸರದಿಯನ್ನು ಉಳಿಸಲಾರದು. ಇದಕ್ಕಿಂತ ಮುಖ್ಯವಾಗಿ, ಒಬ್ಬ ಬಡ ಕುರಿಗಾಹಿ ತನ್ನ ಜೀವನಾಧಾರವಾದ ಕುರಿಗಳನ್ನೇ ಮಾರಿ ಸಾರ್ವಜನಿಕ ಕರ್ತವ್ಯವನ್ನು ನೆರವೇರಿಸಬೇಕಾಯಿತೆಂಬುದು ಹೆಮ್ಮೆಯ ಸಂಗತಿ ಮಾತ್ರವಲ್ಲ, ಅನ್ಯಾಯದ ಸಾಕ್ಷ್ಯವೂ ಹೌದು. ಭಾಗೀರಥಿಯ ತ್ಯಾಗವನ್ನು ಕೊಂಡಾಡುವ ಸಮಾಜ ಆಕೆಯನ್ನೇ ಏಕೆ ಆರಿಸಲಾಯಿತೆಂದು ಕೇಳದೆ ಹೋದರೆ ಕಥನದ ಅರ್ಧ ಭಾಗ ಮಾತ್ರ ಅರ್ಥವಾದಂತಾಗುತ್ತದೆ.

ಕಟ್ಟೆ ಹೂಳು ತುಂಬುವ ವಸ್ತು. ಹಿಂದೆ ಹೂಳೆತ್ತುವುದು ಊರಿನ ಕೆಲಸವಾಗಿತ್ತು. ಕಟ್ಟಿದವನ ಮರಣದೊಡನೆ ಕಟ್ಟೆ ಮುಗಿಯುತ್ತಿರಲಿಲ್ಲ. ಆದುದರಿಂದ ಕುಂದೂರು ಬೆಟ್ಟದ ಕಟ್ಟೆಗಳಿಗೆ ಸಲ್ಲಬೇಕಾದ ಗೌರವ ಪ್ರತಿ ಬೇಸಗೆಯಲ್ಲಿ ಹೂಳೆತ್ತುವ ಏರ್ಪಾಡು, ಗ್ರಾಮ ಪಂಚಾಯತಿಯ ದಾಖಲೆಯಲ್ಲಿ ಅವುಗಳ ಹೆಸರು, ಶಾಲಾ ಮಕ್ಕಳಿಗೆ ಅವುಗಳ ಪರಿಚಯ. ಈ ಸೀಮೆಯ ಇತರ ಕಟ್ಟೆಗಳ, ಅವುಗಳನ್ನು ಕಟ್ಟಿಸಿದವರ, ನೀರುಗಂಟಿ ಮನೆತನಗಳ ಮೌಖಿಕ ಇತಿಹಾಸವನ್ನು ಹೇಳುವ ಹಿರಿಯರು ಇರುವಾಗಲೇ ಸಂಗ್ರಹಿಸಬೇಕಾದ ಹೊಣೆ ಜಾನಪದ ಅಧ್ಯಯನಕಾರರ ಮೇಲಿದೆ.