ಮೈಮೊನಿಡಿಸನೂ ಕನ್ನಡದ ಕಡಲೂ

ಚನ್ನಗಿರಿ, ನ್ಯಾಮತಿಗಳ ಅಡಕೆ ಬೆಳೆಗಾರರು ತಮ್ಮ ಬೆಳೆಯ ವಾಣಿಜ್ಯದ ಪೂರ್ವಕಥೆಯನ್ನು ಅರಸಹೊರಟರೆ, ಅದು ಅವರನ್ನು ಈಜಿಪ್ಟಿನ ಫುಸ್ತಾತ್ ನಗರದ ಯೆಹೂದಿ ಪ್ರಾರ್ಥನಾಮಂದಿರದವರೆಗೂ ಒಯ್ಯುವುದು. ಏಕೆಂದರೆ 1132ರ ವೇಳೆಗೆ ಮಂಗಳೂರಿನಲ್ಲಿ ನೆಲಸಿ, ಅಡಕೆ, ಮೆಣಸು, ಕಬ್ಬಿಣಗಳನ್ನು ಏಡನ್ನಿಗೆ ಕಳುಹುತ್ತಿದ್ದ ವರ್ತಕನೂ ಕವಿಯೂ ಆದ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಉಳಿದುಬಂದದ್ದು ಆ ಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ. ಅದೇ ರಾಶಿಯಲ್ಲಿ ದಾರ್ಶನಿಕ ಮೈಮೊನಿಡಿಸನ ಹಸ್ತಾಕ್ಷರದ ಹಾಳೆಗಳೂ ದೊರೆತಿವೆ.

ಕಾರ್ಡೋಬಾದಲ್ಲಿ ಜನಿಸಿ, ಬೈಬಲಿನ ಪದಗಳ ಗೂಢಾರ್ಥವನ್ನು ಅರಿಸ್ಟಾಟಲನ ತರ್ಕದ ಬೆಳಕಿನಲ್ಲಿ ವಿವೇಚಿಸಿ, ‘ಸಂದಿಗ್ಧರ ಮಾರ್ಗದರ್ಶಿ’ಯನ್ನು ಅರಬ್ಬಿಯಲ್ಲಿ ರಚಿಸಿದ ಆ ಮೇಧಾವಿಯ ವ್ಯಾಸಂಗವನ್ನು ಪೋಷಿಸಿದವನು ವ್ಯಾಪಾರಿಯಾದ ತಮ್ಮ ದಾವೀದ. ಅವನು ಮನೆಯವರ ಹಾಗೂ ಇತರರ ಧನದೊಡನೆ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದಾಗ, ಅಣ್ಣನು ಸುಮಾರು ವರ್ಷಕಾಲ ಹಾಸಿಗೆ ಹಿಡಿದು, ಚೇತರಿಸಿಕೊಂಡ ಬಳಿಕ ವೈದ್ಯವೃತ್ತಿಯಿಂದ ಸಂಸಾರವನ್ನು ಸಲಹಿದನು. ಆ ಶೋಕವನ್ನು ತೋಡಿಕೊಂಡ ಅವನ ಪತ್ರವು, ನನ್ನ ಮಟ್ಟಿಗೆ, ಅವನ ಮಹಾಗ್ರಂಥಗಳಿಗಿಂತಲೂ ಆಪ್ತವಾದುದು.